ಶುಗರ್ ಗ್ಲೈಡರ್ ಕಚ್ಚುತ್ತಿದೆಯೇ? ಕಾರಣ ಹುಡುಕಿ ಕೈಗೆ ಒಗ್ಗಿಸುವ ಬಗೆ

ಶುಗರ್ ಗ್ಲೈಡರ್ ಎಂಬ ಪುಟ್ಟ ಸಾಕುಪ್ರಾಣಿಯನ್ನು ತಂದ ಮನೆಗಳಲ್ಲಿ ಮೊದಲ ಕೆಲವು ವಾರ ಯಾರದಾದರೂ ಬೆರಳಿಗೆ ಗಾಯ ಇದ್ದೇ ಇರುತ್ತದೆ. ‘ಬಹಳ ಸಾಧು ಪ್ರಾಣಿ, ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು’ ಎಂದು ನಂಬಿ ತಂದವರು, ಪಂಜರಕ್ಕೆ ಕೈ ಹಾಕಿದೊಡನೆ ಕರ್ಕಶವಾಗಿ ಕಿರುಚಿ ಕಚ್ಚುವುದನ್ನು ಕಂಡು ದಂಗಾಗುತ್ತಾರೆ. ಕೆಲವರು ಹೆದರಿ ಪಂಜರದ ಬಾಗಿಲು ತೆಗೆಯುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಯಾರೋ ಹೇಳಿದರೆಂದು ಅದರ ಮೂತಿಗೆ ಬೆರಳಿನಿಂದ ತಟ್ಟುತ್ತಾರೆ. ಎರಡರಿಂದಲೂ ಕಚ್ಚುವುದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹೆದರಿ ಕಚ್ಚುವುದು, ರುಚಿ ನೋಡಲು ಕೆರೆಯುವುದು, ತನ್ನ ಜಾಗ ಕಾಯಲು ಕಚ್ಚುವುದು, ನೋವು ತಾಳದೆ ಕಚ್ಚುವುದು ಇವೆಲ್ಲ ಬೇರೆ ಬೇರೆ. ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಕೆಡಿಸಬಹುದು. ಆದ್ದರಿಂದ ಮೊದಲು ಕಾರಣ, ಆಮೇಲೆ ಉಪಾಯ. ‘ಕಚ್ಚಿದರೂ ಕೈ ಅಲುಗಿಸದೆ ಸಹಿಸಿಕೊಳ್ಳಿ, ತಾನಾಗಿ ಬಿಡುತ್ತದೆ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜವಿದೆ ಎಂಬುದು ನನ್ನ ಅಭಿಪ್ರಾಯ. ಸಹಿಸಿಕೊಳ್ಳುವುದಕ್ಕಿಂತ, ಕಚ್ಚಲೇಬೇಕಾದ ಸ್ಥಿತಿಗೆ ಪ್ರಾಣಿಯನ್ನು ತಳ್ಳದಿರುವುದು ಮೇಲು.

ಇದು ಎಂಥ ಪ್ರಾಣಿ

ಹೆಸರು, ರೂಪ ನೋಡಿ ಹಲವರು ಇದನ್ನು ನಮ್ಮ ಪಶ್ಚಿಮ ಘಟ್ಟದ ಹಾರುವ ಅಳಿಲಿನ ಬಂಧು ಎಂದುಕೊಳ್ಳುತ್ತಾರೆ. ಸಂಬಂಧವೇ ಇಲ್ಲ. ಹಾರುವ ಅಳಿಲು ದಂಶಕ. ಅದನ್ನು ಹಿಡಿದು ಸಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಶುಗರ್ ಗ್ಲೈಡರ್ ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಪ್ರಾಣಿ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಾಡುಗಳದ್ದು. ವಿಜ್ಞಾನಿಗಳು 2020ರಲ್ಲಿ ಆಸ್ಟ್ರೇಲಿಯಾದ ಗ್ಲೈಡರ್‌ಗಳನ್ನು ಮೂರು ಪ್ರಭೇದಗಳಾಗಿ ವಿಂಗಡಿಸಿದರು. ಅಮೆರಿಕದಲ್ಲಿ ಸಾಕುವ ಗ್ಲೈಡರ್‌ಗಳ ಮೂಲ ಇಂಡೋನೇಷ್ಯಾದ ಪಶ್ಚಿಮ ಪಪುವಾ ಎಂದು ವಂಶವಾಹಿ ಪರೀಕ್ಷೆಗಳು ತೋರಿಸಿವೆ.

ಬೆಳೆದ ಗ್ಲೈಡರ್‌ನ ತೂಕ ಸುಮಾರು 90ರಿಂದ 150 ಗ್ರಾಂ. ಕಾಡಿನಲ್ಲಿ ಗೂಬೆ, ಉಡದ ಜಾತಿಯ ದೊಡ್ಡ ಹಲ್ಲಿಗಳು, ಬೆಕ್ಕು ಇವೆಲ್ಲ ಇದನ್ನು ಬೇಟೆಯಾಡುತ್ತವೆ. ಮೇಲಿನಿಂದ ಇಳಿದುಬರುವ ಯಾವುದೂ ಅದರ ಪಾಲಿಗೆ ಸಾವೇ. ನಿಮ್ಮ ಕೈ ಪಂಜರದೊಳಗೆ ಹೇಗೆ ಬರುತ್ತದೆ ಎಂದು ಒಮ್ಮೆ ಯೋಚಿಸಿ ನೋಡಿ. ಹಾಗೆಯೇ ಇದು ಇರುಳಿನ ಪ್ರಾಣಿ. ಹಗಲು ಗುಂಪಾಗಿ ಪೊಟರೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗುತ್ತದೆ. ಗುಂಪಿನ ಸದಸ್ಯರು ಒಬ್ಬರನ್ನೊಬ್ಬರು ಗುರುತಿಸುವುದು ವಾಸನೆಯಿಂದ. ಗಂಡಿನ ನೆತ್ತಿ ಮತ್ತು ಎದೆಯ ಮೇಲೆ ವಾಸನೆಯ ಗ್ರಂಥಿಗಳಿದ್ದು, ಅದು ಅವನ್ನು ಉಳಿದವರ ಮೈಗೆ ಉಜ್ಜಿ ‘ಇವರು ನಮ್ಮವರು’ ಎಂಬ ಗುರುತು ಹಾಕುತ್ತದೆ. ಆ ಗುರುತಿಲ್ಲದ ಯಾವುದೇ ಮೈ ಪರಕೀಯ.

ಇನ್ನೊಂದು ಮುಖ್ಯ ಸಂಗತಿ ಹಲ್ಲು. ಕೆಳದವಡೆಯ ಎರಡು ಬಾಚಿಹಲ್ಲುಗಳು ಉದ್ದವಾಗಿ ಮುಂದಕ್ಕೆ ಚಾಚಿವೆ. ನೀಲಗಿರಿ ಮರಗಳ ತೊಗಟೆ ಕೆರೆದು ರಸ ಒಸರಿಸಿ ನೆಕ್ಕಲು, ಜಾಲಿ ಜಾತಿಯ ಮರಗಳ ಅಂಟು ಕೀಳಲು ಪ್ರಕೃತಿ ಕೊಟ್ಟ ಉಳಿಗಳು ಅವು. ನಿಮ್ಮ ಬೆರಳಿನ ಸಂದಿಯಲ್ಲಿ ಉಪ್ಪಿನ ಬೆವರೋ ಹಣ್ಣಿನ ವಾಸನೆಯೋ ಇದ್ದರೆ ಗ್ಲೈಡರ್ ಅದನ್ನೂ ಮರದ ಕೊಂಬೆಯಂತೆ ಕೆರೆಯುತ್ತದೆ. ಅದರಲ್ಲಿ ಸಿಟ್ಟು ಎಳ್ಳಷ್ಟೂ ಇಲ್ಲ. ಇಲಿ, ಮೊಲಗಳಂತೆ ಈ ಹಲ್ಲುಗಳು ಜೀವನಪೂರ್ತಿ ಬೆಳೆಯುವುದಿಲ್ಲ. ಆದ್ದರಿಂದ ಕಚ್ಚುತ್ತದೆಂದು ಹಲ್ಲು ಕತ್ತರಿಸುವ ಯೋಚನೆಯೇ ಬೇಡ, ಅದು ಕ್ರೌರ್ಯ.

ಮೊದಲ ಹೆಜ್ಜೆ: ಯಾವ ಬಗೆಯ ಕಡಿತ ಎಂದು ಗುರುತಿಸಿ

ಒಂದು ವಾರ ಪಳಗಿಸುವ ಯತ್ನವನ್ನೆಲ್ಲ ನಿಲ್ಲಿಸಿ, ಬರೀ ಗಮನಿಸಿ ಬರೆದಿಟ್ಟುಕೊಳ್ಳಿ. ಯಾವ ಹೊತ್ತಿನಲ್ಲಿ, ಪಂಜರದ ಒಳಗೋ ಹೊರಗೋ, ಯಾರನ್ನು, ಕೈಯ ಯಾವ ಭಾಗವನ್ನು ಕಚ್ಚಿತು, ಕಚ್ಚುವ ಮುನ್ನ ಯಾವ ಸದ್ದು ಮಾಡಿತು, ರಕ್ತ ಬಂತೋ ಇಲ್ಲವೋ. ಇಷ್ಟು ಬರೆದರೆ ಕಾರಣ ಬಹುಪಾಲು ತಾನೇ ಹೊರಬೀಳುತ್ತದೆ. ಅಂದ ಹಾಗೆ, ಗ್ಲೈಡರ್‌ನ ಉಗುರುಗಳು ಸೂಜಿಯಷ್ಟು ಚೂಪು. ಕೈಮೇಲೆ ಹತ್ತುವಾಗ ಚುಚ್ಚಿದ್ದನ್ನೇ ಕಡಿತವೆಂದು ತಿಳಿಯುವವರೂ ಇದ್ದಾರೆ. ಉಗುರಿನ ತುದಿಯ ಕೊಕ್ಕೆಯನ್ನಷ್ಟೇ ಕತ್ತರಿಸಿದರೆ ಆ ತೊಂದರೆ ಮುಗಿಯಿತು.

ಭಯದ ಕಡಿತ ಎಲ್ಲಕ್ಕಿಂತ ಸಾಮಾನ್ಯ. ಅದಕ್ಕೆ ಮುನ್ನ ‘ಕ್ರ್ಯಾಬಿಂಗ್’ ಎಂದು ಸಾಕುವವರು ಕರೆಯುವ, ಗರಗರನೆ ಏರಿಳಿಯುವ ಕರ್ಕಶ ಸದ್ದು ಬರುತ್ತದೆ. ಪುಟ್ಟ ದೇಹದಿಂದ ಅಷ್ಟು ದೊಡ್ಡ ಸದ್ದೇ ಎಂದು ಮೊದಲ ಸಲ ಕೇಳಿದವರು ಬೆಚ್ಚುತ್ತಾರೆ. ಬೆಚ್ಚಿಸುವುದೇ ಅದರ ಉದ್ದೇಶ. ಪ್ರಾಣಿ ಹಿಂಗಾಲಿನ ಮೇಲೆ ಎದ್ದು ಬಾಯಿ ತೆರೆಯುತ್ತದೆ, ಇಲ್ಲವೆ ಅಂಗಾತ ಬಿದ್ದು ನಾಲ್ಕೂ ಕಾಲು ಮೇಲೆತ್ತುತ್ತದೆ. ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕೈ ಮುಂದೆ ಬಂದರೆ ಚಂಗನೆ ಎಗರಿ ಕಚ್ಚಿ ಹಿಂದೆ ಸರಿಯುತ್ತದೆ.

ರುಚಿಯ ಕಡಿತ ಸದ್ದಿಲ್ಲದ್ದು. ಮೊದಲು ನೆಕ್ಕುತ್ತದೆ, ಆಮೇಲೆ ಹಲ್ಲಿನಿಂದ ಕೆರೆಯುತ್ತದೆ, ಕೊನೆಗೆ ಒಂದೇ ಜಾಗವನ್ನು ಬಲವಾಗಿ ಕೆರೆಯತೊಡಗುತ್ತದೆ. ಪಳಗಿದ ಗ್ಲೈಡರ್ ಸಹ ಇದನ್ನು ಮಾಡುತ್ತದೆ. ಜಾಗ ಕಾಯುವ ಕಡಿತ ಪಂಜರದೊಳಗೆ, ಅದರಲ್ಲೂ ಅದು ಹಗಲು ಮಲಗುವ ಬಟ್ಟೆಯ ಚೀಲದ ಬಾಯಿಯಲ್ಲಿ ಮಾತ್ರ ಆಗುತ್ತದೆ. ಅದೇ ಪ್ರಾಣಿ ಹೊರಗೆ ನಿಮ್ಮ ಭುಜದ ಮೇಲೆ ಆರಾಮವಾಗಿ ಕೂರುತ್ತದೆ. ಮರಿಗಳಿರುವ ತಾಯಿ, ಪ್ರಾಯಕ್ಕೆ ಬಂದ ಗಂಡು ಇದರಲ್ಲಿ ಮುಂದು.

ಹೆಚ್ಚು ಎಚ್ಚರ ಬೇಕಾದದ್ದು ನೋವಿನ ಕಡಿತದ ಬಗ್ಗೆ. ತಿಂಗಳುಗಟ್ಟಲೆ ಕೈಮೇಲೆ ಆಡಿದ ಪ್ರಾಣಿ ಇದ್ದಕ್ಕಿದ್ದಂತೆ ಕಚ್ಚಲು ಶುರು ಮಾಡಿದರೆ ಅದನ್ನು ಹಟ ಎಂದುಕೊಳ್ಳಬೇಡಿ.

ಎರಡನೆಯ ಹೆಜ್ಜೆ: ಕಾಯಿಲೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಿ

ನಾಯಿ, ಬೆಕ್ಕು ನೋಡುವ ಎಲ್ಲ ಪಶುವೈದ್ಯರಿಗೂ ಗ್ಲೈಡರ್ ಪರಿಚಯವಿರುವುದಿಲ್ಲ. ಬೆಂಗಳೂರಿನಲ್ಲಿ ವಿದೇಶಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರಿದ್ದಾರೆ. ಬೇರೆ ಊರಿನವರು ಪ್ರಾಣಿ ತರುವ ಮೊದಲೇ ಅಂಥವರನ್ನು ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಆಹಾರದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ರಂಜಕಕ್ಕಿಂತ ಕಡಿಮೆಯಾದರೆ ಮೂಳೆ ಟೊಳ್ಳಾಗಿ ಹಿಂಗಾಲು ಸೋಲುತ್ತದೆ. ಮುಟ್ಟಿದರೆ ನೋವು, ನೋವಾದರೆ ಕಡಿತ. ಬರೀ ಹಣ್ಣು ಮತ್ತು ಹುಳುಗಳ ಮೇಲೆ ಬೆಳೆಸಿದ ಗ್ಲೈಡರ್‌ಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಹಲ್ಲಿನ ಸೋಂಕು, ಮೂತ್ರನಾಳದ ಸೋಂಕು, ನಿರ್ಜಲೀಕರಣ ಇವೂ ಕಾರಣಗಳೇ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ತಕ್ಷಣ ಕೂರದೆ ಹಾಗೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ಅದೇ ದಿನ ವೈದ್ಯರ ಬಳಿ ಹೋಗಬೇಕು. ಹಿಂಗಾಲು ಎಳೆಯುವುದು, ಒಂದು ರಾತ್ರಿ ಪೂರ್ತಿ ಏನೂ ತಿನ್ನದಿರುವುದು, ತನ್ನದೇ ಬಾಲ ಅಥವಾ ಕಾಲನ್ನು ಕಚ್ಚಿಕೊಳ್ಳುವುದು ಕಂಡರೂ ತಡಮಾಡಬೇಡಿ. ತನ್ನನ್ನೇ ಕಚ್ಚಿಕೊಳ್ಳುವ ಕಾಯಿಲೆ ಒಂಟಿತನ, ಒತ್ತಡ, ನೋವುಗಳಿಂದ ಬರುತ್ತದೆ, ಬೇಗನೆ ಪ್ರಾಣಾಂತಿಕವಾಗಬಹುದು.

ಮೂರನೆಯ ಹೆಜ್ಜೆ: ವಾಸದ ಏರ್ಪಾಡು ಸರಿಪಡಿಸಿ

ಒಂಟಿ ಗ್ಲೈಡರ್ ಮನುಷ್ಯನಿಗೆ ಹೆಚ್ಚು ಒಗ್ಗುತ್ತದೆ ಎಂದು ಮಾರುವವರು ಹೇಳುವುದುಂಟು. ನನಗೆ ಇದು ಒಪ್ಪಿತವಲ್ಲ. ಗುಂಪಿನಲ್ಲಿ ಬಾಳುವ ಪ್ರಾಣಿಯನ್ನು ಒಂಟಿ ಮಾಡಿದರೆ ಅದು ಸದಾ ದಿಗಿಲಿನಲ್ಲೇ ಇರುತ್ತದೆ. ಕನಿಷ್ಠ ಎರಡನ್ನು ಸಾಕಿ. ಗಂಡು ಹೆಣ್ಣು ಜೋಡಿಯಾದರೆ ಗಂಡಿಗೆ ಸಂತಾನಹರಣ ಮಾಡಿಸಿ, ಜಾಗಕ್ಕಾಗಿ ಕಾದಾಡುವ ಗುಣವೂ ಅದರಿಂದ ತಗ್ಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಹೊಲಿಗೆಯನ್ನು ಕಚ್ಚಿಕೊಳ್ಳುವ ಅಪಾಯವಿರುವುದರಿಂದ ನೋವುನಿವಾರಕದ ಬಗ್ಗೆ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಿ.

ಪಂಜರ ಕನಿಷ್ಠ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಅಡಿ ಎತ್ತರ ಇರಲಿ. ಕಂಬಿಗಳ ನಡುವಿನ ಸಂದು ಅರ್ಧ ಅಂಗುಲ ಮೀರದಿರಲಿ. ಟಿವಿಯ ಪಕ್ಕ, ದೇವರ ಮನೆಯ ಗಂಟೆಯ ಸದ್ದು ನೇರ ಬಡಿಯುವ ಕಡೆ, ಅಡುಗೆಮನೆಯ ಒಗ್ಗರಣೆಯ ಹೊಗೆ ಬರುವ ಕಡೆ ಇಡಬೇಡಿ. ನಾಯಿ, ಬೆಕ್ಕಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಶಾಖ ಅದಕ್ಕೆ ಹಿತ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಮಲಗುವ ಚೀಲಕ್ಕೆ ಇನ್ನೊಂದು ಪದರ ಬಟ್ಟೆ ಬೇಕಾಗುತ್ತದೆ, ಏಕೆಂದರೆ ಚಳಿ ಹೆಚ್ಚಾದರೆ ಗ್ಲೈಡರ್ ಮೈ ತಣ್ಣಗಾಗಿ ಜಡನಿದ್ರೆಗೆ ಜಾರಬಹುದು.

ಕೆರೆಯುವ ಚಟವಿದ್ದರೆ ಕೆರೆಯಲು ಕೊಂಬೆ ಕೊಡಿ. ಔಷಧ ಸಿಂಪಡಿಸದ ನೀಲಗಿರಿ ಕೊಂಬೆಗಿಂತ ಒಳ್ಳೆಯದು ಇನ್ನೇನಿದೆ! ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ನೆಟ್ಟದ್ದು ಎಂದು ಹೇಳಲಾಗುವ ಈ ಮರ ಗ್ಲೈಡರ್‌ನ ತವರಿನದೇ. ಕೊಂಬೆಯನ್ನು ತೊಳೆದು ಒಣಗಿಸಿ, ಅಲ್ಲಲ್ಲಿ ಸಣ್ಣ ರಂಧ್ರ ಕೊರೆದು, ತಿನ್ನಲು ಯೋಗ್ಯವಾದ ಜಾಲಿ ಅಂಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ತುಂಬಿ. ಅದರ ಕಾಡಿನ ಊಟವೇ ಅದು. ರಾತ್ರಿ ಅದನ್ನು ಕೆರೆಯುತ್ತ ಕೂತ ಪ್ರಾಣಿಗೆ ನಿಮ್ಮ ಬೆರಳಿನ ಗೊಡವೆ ಕಡಿಮೆ.

ನಾಲ್ಕನೆಯ ಹೆಜ್ಜೆ: ನಿಮ್ಮ ವಾಸನೆಯನ್ನು ಮನೆಯ ವಾಸನೆಯಾಗಿಸಿ

ಭಯದ ಕಡಿತಕ್ಕೆ ನಿಜವಾದ ಪರಿಹಾರ ಇಲ್ಲಿ ಶುರುವಾಗುತ್ತದೆ. ಫ್ಲೀಸ್ ಎಂಬ ಮೆತ್ತನೆಯ, ಕಂಬಳಿಯಂಥ ಬಟ್ಟೆಯ ಅಂಗೈ ಅಗಲದ ಕೆಲವು ತುಂಡುಗಳನ್ನು ಕತ್ತರಿಸಿಕೊಳ್ಳಿ. ನೂಲು ಬಿಡುವ ಬಟ್ಟೆ ಬೇಡ, ಅದರ ಎಳೆ ಉಗುರಿಗೂ ಕಾಲಿಗೂ ಸುತ್ತಿಕೊಂಡು ಗಾಯ ಮಾಡುತ್ತದೆ. ಒಂದು ತುಂಡನ್ನು ರಾತ್ರಿ ನಿಮ್ಮ ಅಂಗಿಯೊಳಗೆ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಗ್ಲೈಡರ್‌ಗಳು ನಿದ್ದೆ ಹೋದ ಮೇಲೆ ಮಲಗುವ ಚೀಲದೊಳಗೆ ಸದ್ದಿಲ್ಲದೆ ಸೇರಿಸಿ. ಎರಡು ದಿನಕ್ಕೊಮ್ಮೆ ಬದಲಿಸಿ. ಚೀಲ, ಬಟ್ಟೆ, ಪಂಜರ ಎಲ್ಲವನ್ನೂ ಒಂದೇ ದಿನ ತೊಳೆಯಬೇಡಿ. ತಮ್ಮ ವಾಸನೆಯೆಲ್ಲ ಅಳಿಸಿಹೋದರೆ ಅವು ಮತ್ತೆ ಅಪರಿಚಿತ ಜಾಗಕ್ಕೆ ಬಂದಂತೆ ಹೆದರುತ್ತವೆ.

ಕೈಯ ವಾಸನೆಯೂ ಒಂದೇ ಬಗೆಯಾಗಿರಲಿ. ಮುಟ್ಟುವ ಮೊದಲು ಪರಿಮಳವಿಲ್ಲದ ಸಾಬೂನಿನಿಂದ ತೊಳೆದುಕೊಳ್ಳಿ. ಸ್ಯಾನಿಟೈಸರ್, ಅತ್ತರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಈರುಳ್ಳಿ ಹೆಚ್ಚಿದ ಬೆರಳು, ಬೇರೆ ಪ್ರಾಣಿಯನ್ನು ಮುಟ್ಟಿದ ಕೈ ಇವೆಲ್ಲ ಅವಕ್ಕೆ ಗೊಂದಲ. ಹಣ್ಣು ಹೆಚ್ಚಿ ಹಾಗೆಯೇ ಕೈ ಚಾಚಿದರೆ ಕಚ್ಚಿದ ತಪ್ಪು ಅದರದ್ದಲ್ಲ.

ಐದನೆಯ ಹೆಜ್ಜೆ: ಹಗಲು ಚೀಲದಲ್ಲಿ, ರಾತ್ರಿ ಪರದೆಯಲ್ಲಿ

ವಾಸನೆ ಒಗ್ಗಿದ ಮೇಲೆ, ಅಂದರೆ ಪಂಜರದ ಬಳಿ ನೀವು ನಿಂತಾಗ ಕ್ರ್ಯಾಬಿಂಗ್ ಕಡಿಮೆಯಾದ ಮೇಲೆ, ಹಗಲಿನಲ್ಲಿ ಮಲಗಿರುವ ಗ್ಲೈಡರ್‌ಗಳನ್ನು ಚೀಲ ಸಮೇತ ಎತ್ತಿ ಜಿಪ್ ಇರುವ ಎದೆಚೀಲದೊಳಗೆ ಇಟ್ಟುಕೊಳ್ಳಿ. ನೀವು ಓದುತ್ತ, ಕಂಪ್ಯೂಟರ್ ಮುಂದೆ ಕೆಲಸ ಮಾಡುತ್ತ ಒಂದೆರಡು ಗಂಟೆ ಕಳೆದರೆ ಸಾಕು. ನಿಮ್ಮ ಮೈಯ ಬಿಸುಪು, ಎದೆಬಡಿತ, ದನಿ ಅವಕ್ಕೆ ನಿದ್ದೆಯಲ್ಲೇ ಪರಿಚಯವಾಗುತ್ತವೆ. ಚೀಲದೊಳಗೆ ಕೈ ಹಾಕುವ ಆತುರ ಬೇಡ. ಮೊದಲು ಬಟ್ಟೆಯ ಹೊರಗಿನಿಂದ ಅಂಗೈ ಇಟ್ಟುಕೊಳ್ಳಿ. ಅವು ಸುಮ್ಮನಿದ್ದರೆ ಮೆಲ್ಲಗೆ ಸವರಿ. ಕೆಲವು ದಿನಗಳ ನಂತರ ಫ್ಲೀಸ್ ಬಟ್ಟೆ ಹೊದಿಸಿದ ಕೈಯನ್ನು ಒಳಗೆ ಇಟ್ಟು ಅಲುಗಿಸದೆ ಹಾಗೇ ಬಿಡಿ. ಆಮೇಲೆ ಬರಿಗೈ.

ದಪ್ಪ ಕೈಗವಸು ಹಾಕಿಕೊಳ್ಳಿ ಎಂಬ ಸಲಹೆ ನನಗೆ ಹಿಡಿಸುವುದಿಲ್ಲ. ಗವಸಿನ ವಾಸನೆ ಬೇರೆ, ಗಾತ್ರ ದೊಡ್ಡದು, ಜೊತೆಗೆ ನೀವು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ ಎಂಬುದು ನಿಮಗೇ ತಿಳಿಯುವುದಿಲ್ಲ. ಪ್ರಾಣಿ ಗವಸಿಗೆ ಹೆದರುವುದನ್ನು ಕಲಿಯುತ್ತದೆಯೇ ಹೊರತು ಕೈಗೆ ಒಗ್ಗುವುದನ್ನಲ್ಲ. ವೈದ್ಯರ ಬಳಿ ಒಯ್ಯುವ ತುರ್ತಿಗೆ ಮಾತ್ರ ಅದು ಇರಲಿ.

ರಾತ್ರಿಯ ಆಟಕ್ಕೆ ಮಡಚುವ ಸೊಳ್ಳೆ ಪರದೆಯಂಥ ಅನುಕೂಲ ಇನ್ನೊಂದಿಲ್ಲ. ತಳವಿರುವ, ಜಿಪ್ ಹಾಕುವ ಪರದೆಯನ್ನು ನೆಲದ ಮೇಲೆ ಬಿಡಿಸಿ, ಮಂದ ಬೆಳಕಿನಲ್ಲಿ ನೀವು ಒಳಗೆ ಕುಳಿತು ಮಲಗುವ ಚೀಲವನ್ನು ಪಕ್ಕದಲ್ಲಿಡಿ. ಅವು ತಾವಾಗಿ ಹೊರಬರಲಿ. ಮುಟ್ಟಬೇಡಿ, ಹಿಡಿಯಬೇಡಿ, ಹಿಂಬಾಲಿಸಬೇಡಿ. ಹತ್ತುವುದು ಅವುಗಳ ಸ್ವಭಾವ. ಅಲ್ಲಿ ಎತ್ತರದ ವಸ್ತು ನೀವೊಬ್ಬರೇ ಆದ್ದರಿಂದ ನಿಮ್ಮ ಮೊಣಕಾಲು, ಭುಜ, ತಲೆ ಏರುತ್ತವೆ. ಕೈ ತಮ್ಮತ್ತ ಬರುವ ಬದಲು ತಾವೇ ಕೈಯತ್ತ ಬರುವ ಅನುಭವ ಅವಕ್ಕೆ ಇಲ್ಲಿ ಸಿಗುತ್ತದೆ. ಪಳಗಿಸುವ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೇ. ಅರ್ಧದಿಂದ ಒಂದು ಗಂಟೆ, ದಿನವೂ ಅದೇ ಹೊತ್ತಿಗೆ.

ಪರದೆ ಇಲ್ಲದೆ ಕೋಣೆಯಲ್ಲಿ ಬಿಡುವವರು ಸೀಲಿಂಗ್ ಫ್ಯಾನ್ ನಿಲ್ಲಿಸಲೇಬೇಕು. ಸ್ನಾನದ ಕೋಣೆಯಾದರೆ ನೀರು ತುಂಬಿದ ಬಕೆಟ್ ಖಾಲಿ ಮಾಡಿ, ಕಮೋಡ್ ಮುಚ್ಚಿ. ಗ್ಲೈಡರ್ ನೀರಿಗೆ ಬಿದ್ದರೆ ನುಣುಪಾದ ಗೋಡೆ ಹತ್ತಿ ಹೊರಬರಲಾರದು.

ಆರನೆಯ ಹೆಜ್ಜೆ: ತಿನಿಸಿನ ಮೂಲಕ ಕೈಯ ಪಾಠ

ಬೆರಳ ತುದಿಗೆ ಜೇನು ಸವರಿ ನೆಕ್ಕಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ರುಚಿಯ ಕಡಿತ ಹುಟ್ಟುವುದು ಬಹಳ ಸಲ ಇದರಿಂದಲೇ. ಬೆರಳೆಂದರೆ ತಿನಿಸು ಎಂದು ನೀವೇ ಕಲಿಸಿರುತ್ತೀರಿ. ಮೊದಲು ಚಮಚದಲ್ಲಿ ಕೊಡಿ. ಪಪ್ಪಾಯಿ ಅಥವಾ ಮಾವಿನ ತಿರುಳು, ನೀರು ಬೆರೆಸಿದ ಒಂದು ತೊಟ್ಟು ಜೇನು ಸಾಕು. ಚಮಚ ಕಂಡರೆ ಓಡಿಬರುವಂತಾದ ಮೇಲೆ ಚಮಚವನ್ನು ಬಿಡಿಸಿದ ಅಂಗೈಯ ಮೇಲಿಡಿ, ಅಲ್ಲಿಗೆ ತಲುಪಲು ಅದು ನಿಮ್ಮ ಕೈ ಹತ್ತಲೇಬೇಕು. ಕೈಮೇಲೇ ನೆಕ್ಕಿಸಬೇಕೆಂದರೆ ಬಿಗಿದ ಮುಷ್ಟಿಯ ಹಿಂಭಾಗಕ್ಕೆ ಸವರಿ. ಅಲ್ಲಿ ಚರ್ಮ ಬಿಗಿಯಾಗಿರುವುದರಿಂದ ಹಲ್ಲಿಗೆ ಹಿಡಿತ ಸಿಗದು. ಮೀಲ್‌ವರ್ಮ್ ಹುಳುಗಳನ್ನು ಚಿಮಟದಲ್ಲೇ ಕೊಡಿ, ದಿನಕ್ಕೆ ಒಂದೆರಡು ಸಾಕು. ಅವುಗಳಲ್ಲಿ ರಂಜಕ ಹೆಚ್ಚು.

ಎತ್ತಿಕೊಳ್ಳುವಾಗ ಮೇಲಿನಿಂದ ಹಿಡಿಯದೆ ಎರಡೂ ಅಂಗೈಗಳನ್ನು ಬೊಗಸೆಯಾಗಿಸಿ ಕೆಳಗಿನಿಂದ ತನ್ನಿ. ಬಾಲ ಹಿಡಿದು ಎಳೆಯಲೇಬಾರದು. ಮಲಗುವ ಚೀಲದೊಳಗಿಂದ ಒಂದೊಂದನ್ನೇ ಕಿತ್ತು ತೆಗೆಯುವ ಬದಲು ಚೀಲವನ್ನೇ ಹೊರತಂದರೆ ಜಾಗ ಕಾಯುವ ಕಡಿತಕ್ಕೆ ಅವಕಾಶವೇ ಇರುವುದಿಲ್ಲ.

ಕಚ್ಚಿದ ಆ ಗಳಿಗೆಯಲ್ಲಿ

ಕೈ ಜಾಡಿಸಬೇಡಿ. ನೂರು ಗ್ರಾಂ ತೂಕದ ಪ್ರಾಣಿ ಗೋಡೆಗೆ ಬಡಿದರೆ ಉಳಿಯುವುದು ಕಷ್ಟ. ಕೂಗಬೇಡಿ, ಮುಖಕ್ಕೆ ಊದಬೇಡಿ, ಹೊಡೆಯಬೇಡಿ. ಹಿಡಿದು ಬಿಡದಿದ್ದರೆ ಕೈಯನ್ನು ನಿಧಾನವಾಗಿ ನೆಲಕ್ಕೋ ಹಾಸಿಗೆಗೋ ತಾಗಿಸಿ, ಮೇಲೆ ಫ್ಲೀಸ್ ಬಟ್ಟೆ ಹಾಕಿ ಕತ್ತಲು ಮಾಡಿ. ಕಾಲೂರಲು ನೆಲ, ಅಡಗಲು ಕತ್ತಲು ಸಿಕ್ಕಾಗ ಅದು ಬಾಯಿ ಸಡಿಲಿಸುತ್ತದೆ.

ಮುಂದಿನದು ಕಡಿತದ ಬಗೆಗೆ ತಕ್ಕಂತೆ. ಹೆದರಿ ಕಚ್ಚಿದ್ದಾದರೆ ಕೈಯನ್ನು ಇದ್ದಲ್ಲೇ ಕೆಲವು ಕ್ಷಣ ಸ್ಥಿರವಾಗಿಟ್ಟು, ಅದರ ಸದ್ದು ಇಳಿದ ಮೇಲೆ ನಿಧಾನವಾಗಿ ಹಿಂದೆಗೆಯಿರಿ. ಸರಕ್ಕನೆ ಎಳೆದರೆ ‘ಕಚ್ಚಿದರೆ ಕೈ ಓಡುತ್ತದೆ’ ಎಂಬುದು ಅದಕ್ಕೆ ಮನದಟ್ಟಾಗುತ್ತದೆ. ಮರುದಿನ ಒಂದು ಹಂತ ಹಿಂದೆ ಹೋಗಿ, ಬರಿಗೈಯಿಂದ ಬಟ್ಟೆ ಹೊದಿಸಿದ ಕೈಗೆ ಇಳಿಯಿರಿ. ರುಚಿಗೆ ಕೆರೆಯುತ್ತಿದ್ದರೆ, ಅದು ಬಲವಾಗುವ ಮುನ್ನವೇ, ‘ತ್ಸ್’ ಎಂದು ಮೆಲ್ಲನೆಯ ಚುಟುಕು ಸದ್ದು ಮಾಡಿ ಬಾಯಿಗೆ ಕೊಂಬೆ ಕೊಡಿ. ಪ್ರತಿ ಸಲವೂ, ಮನೆಯ ಪ್ರತಿಯೊಬ್ಬರೂ ಅದನ್ನೇ ಮಾಡಬೇಕು. ಒಬ್ಬರು ನಕ್ಕು ಮುದ್ದು ಮಾಡಿ ಇನ್ನೊಬ್ಬರು ತಡೆದರೆ ಪ್ರಾಣಿ ಏನನ್ನೂ ಕಲಿಯುವುದಿಲ್ಲ. ಚಿಕ್ಕ ಮಕ್ಕಳು ಮಾತ್ರ ಈ ಪಾಠದಿಂದ ದೂರವಿರಲಿ. ಬಿಗಿ ಹಿಡಿಯುವುದೂ ಜಾಡಿಸುವುದೂ ಅವರಿಗೆ ಸಹಜ.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ನಂಜುನಿರೋಧಕ ಹಚ್ಚಿ. ರಕ್ತ ಬಂದಿದ್ದರೆ ವೈದ್ಯರಿಗೆ ತೋರಿಸಿ. ಧನುರ್ವಾಯು ಚುಚ್ಚುಮದ್ದು, ಅಗತ್ಯವಿದ್ದರೆ ರೇಬೀಸ್ ಲಸಿಕೆ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ಕಡಿತದ ಜಾಗ ಊದಿ ಬಿಸಿಯಾದರೆ, ಕೀವು ಕಟ್ಟಿದರೆ ಕಾಯಬೇಡಿ.

ಎಷ್ಟು ಕಾಲ ಹಿಡಿಯುತ್ತದೆ

ತಾಯಿಯ ಹಾಲು ಬಿಟ್ಟು ಸರಿಯಾದ ವಯಸ್ಸಿಗೆ ಬಂದ ಮರಿ ಕೆಲವು ವಾರಗಳಲ್ಲೇ ಒಗ್ಗಬಹುದು. ತಾಯಿಯ ಹೊಟ್ಟೆಚೀಲದಿಂದ ಹೊರಬಿದ್ದು ಎಂಟು ವಾರವೂ ಆಗದ ಮರಿಯನ್ನು ಬೇಗ ಪಳಗುತ್ತದೆಂದು ಕೊಳ್ಳಬೇಡಿ, ಅದು ಬದುಕುವುದೇ ಕಷ್ಟ. ಕೈಯಿಂದ ಕೈಗೆ ಬದಲಾದ, ಹೊಡೆತ ತಿಂದ ದೊಡ್ಡ ಗ್ಲೈಡರ್‌ಗೆ ತಿಂಗಳುಗಳೇ ಬೇಕು. ಸುಮಾರು ಒಂದು ವರ್ಷದ ಆಸುಪಾಸಿನಲ್ಲಿ ಪ್ರಾಯಕ್ಕೆ ಬರುವಾಗ ಪಳಗಿದ ಪ್ರಾಣಿಯೂ ಕೆಲಕಾಲ ಹಲ್ಲು ತೋರಿಸುವುದುಂಟು. ಆಗ ಪರದೆಯ ಆಟ ನಿಲ್ಲಿಸದೆ ಮುಂದುವರಿಸಿದರೆ ಸರಿಹೋಗುತ್ತದೆ.

ಸರಿಯಾಗಿ ನೋಡಿಕೊಂಡರೆ ಗ್ಲೈಡರ್ ಹತ್ತು, ಹನ್ನೆರಡು ವರ್ಷ ಬದುಕುತ್ತದೆ. ಅಷ್ಟು ಕಾಲ, ರಾತ್ರಿಯ ಹೊತ್ತು, ನಿಮ್ಮಿಂದ ಆಗದು ಎನಿಸಿದರೆ ಈಗಾಗಲೇ ಗ್ಲೈಡರ್ ಗುಂಪು ಸಾಕುತ್ತಿರುವ ಅನುಭವಿಗಳಿಗೆ ಜೋಡಿಯನ್ನು ಅಗಲಿಸದೆ ಕೊಡಿ. ತೋಟಕ್ಕೋ ಉದ್ಯಾನಕ್ಕೋ ಬಿಡುವುದು ಬೇಡವೇ ಬೇಡ, ಬೆಕ್ಕು, ಗೂಬೆ, ಕಾಗೆಗಳ ನಡುವೆ ಅದು ಉಳಿಯುವುದಿಲ್ಲ. ಕೊಡುವಾಗ ಅವುಗಳ ಮಲಗುವ ಚೀಲವನ್ನು ತೊಳೆಯದೆ ಜೊತೆಗೇ ಕಳಿಸಿ. ತಿನ್ನುವ ಆಹಾರದ ಪಟ್ಟಿಯನ್ನೂ ಮೊದಲ ವಾರ ನೀವು ಬರೆದಿಟ್ಟ ಕಡಿತದ ಟಿಪ್ಪಣಿಯನ್ನೂ ಒಪ್ಪಿಸಿದರೆ ಹೊಸಬರು ಎಲ್ಲಿಂದ ಶುರು ಮಾಡಬೇಕೆಂದು ತಿಳಿದುಕೊಳ್ಳುತ್ತಾರೆ.